ಬಾಡಿಗೆ ಬಾಕಿಯ ನೋಟಿಸು ಬಂದರೆ ಮೊದಲು ಒಡೆದು ಓದಿ

ಹೋದ ವರ್ಷ ಜುಲೈ ತಿಂಗಳ ಜಡಿಮಳೆಯಲ್ಲಿ ಮೀನು ಮಾರುವ ಹೆಂಗಸೊಬ್ಬರು ಕಾರವಾರದ ನನ್ನ ಆಫೀಸಿಗೆ ಬಂದರು. ಪ್ಲಾಸ್ಟಿಕ್ ಕೊಟ್ಟೆಯೊಳಗೆ ಮೂರು ನೋಟಿಸು ಸುತ್ತಿಟ್ಟುಕೊಂಡಿದ್ದರು. ಎರಡನ್ನು ಒಡೆದೇ ಇರಲಿಲ್ಲ. "ಮನೆ ಖಾಲಿ ಮಾಡಿ ಅಂತ ಇರ್ತದೆ ಅಂದ್ಕೊಂಡು ಹೆದರಿಕೆ ಆಯ್ತು ವಕೀಲ್ರೇ" ಅಂದರು.

ಅವರು ಇರುವುದು ಸರ್ಕಾರಿ ಬಾಡಿಗೆ ಮನೆಯಲ್ಲಿ. ಗಂಡನಿಗೆ ಬೈತಕೋಲ್ ಬಂದರಿನ ಬೋಟಿನಲ್ಲಿ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಾಡಿಗೆ ಬಾಕಿ ಮಾತ್ರ ತಿಂಗಳು ತಿಂಗಳೂ ಏರುತ್ತದೆ. ಆಗಸ್ಟಿನಲ್ಲಿ ದುಡಿಮೆ ಶುರುವಾದರೂ ಮೊದಲ ದುಡ್ಡು ಅಂಗಡಿ ಉದ್ರಿಗೆ, ಕೈಸಾಲಕ್ಕೆ ಹೋಗಿಬಿಡುತ್ತದೆ. ನಾಲ್ಕು ಮಳೆಗಾಲ ಹೀಗೇ ಕಳೆದರೆ ಎಂಟು ತಿಂಗಳ ಬಾಕಿ. ಇಂಥವರನ್ನು ಬೇಕಂತಲೇ ಕಟ್ಟದವರು ಅಂದರೆ ನನಗೆ ನಿಜಕ್ಕೂ ನೋವಾಗುತ್ತದೆ.

ನಗರಸಭೆಯದೋ ಗೃಹಮಂಡಳಿಯದೋ ಬಾಡಿಗೆ ಮನೆಯಾದರೆ ಸಾಮಾನ್ಯವಾಗಿ ನೋಟಿಸು ಬರುವುದು 1974ರ ಸಾರ್ವಜನಿಕ ಆವರಣಗಳ ಕಾಯ್ದೆಯ ಕೆಳಗೆ, ಅಂದರೆ ಸರ್ಕಾರಿ ಜಾಗ, ಕಟ್ಟಡಗಳಿಂದ ತೆರವು ಮಾಡಿಸುವ ಕಾನೂನಿನ ಕೆಳಗೆ. ನೋಟಿಸು ಬಂತು ಅಂದರೆ ಮನೆ ಹೋಯ್ತು ಅಂತ ಅಲ್ಲ. ನಿಮ್ಮನ್ನು ಯಾಕೆ ಹೊರಗೆ ಹಾಕಬಾರದು, ಹೇಳಿ ಅಂತ ಸಕ್ಷಮ ಅಧಿಕಾರಿ, ಅಂದರೆ ಇದನ್ನು ವಿಚಾರಿಸಿ ಆದೇಶ ಮಾಡುವ ಅಧಿಕಾರಿ, ಕೇಳುತ್ತಿದ್ದಾರೆ, ಅಷ್ಟೇ. ಉತ್ತರ ಕೊಡುವ ಕೊನೆಯ ದಿನ ಅದರಲ್ಲೇ ಇರುತ್ತದೆ. ಅಷ್ಟರೊಳಗೆ ಲಿಖಿತ ಉತ್ತರ ಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ನಾನು ಕಂಡ ಹಾಗೆ, ಬಾಕಿಗಿಂತ ಸುಮ್ಮನಿದ್ದಿದ್ದಕ್ಕೇ ಮನೆ ಕಳಕೊಂಡವರು ಜಾಸ್ತಿ.

ಆಮೇಲೆ ಲೆಕ್ಕ ನೋಡಬೇಕು. ಇದಕ್ಕೆ ಆತುರ ಬೇಡ. ಬೇಡಿಕೆ, ವಸೂಲಿ, ಬಾಕಿ ಅಂತ ಕಚೇರಿಯಲ್ಲಿ ಒಂದು ರಿಜಿಸ್ಟರ್ ಇರುತ್ತದೆ. ನಿಮ್ಮ ಮನೆಯ ಪುಟದ ನಕಲು ಕೇಳಿ. ಸುಮ್ನೆ ಕೊಡಲಿಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ಆ ಅಮ್ಮನ ರಶೀದಿಗಳನ್ನು ನನ್ನ ಮೇಜಿನ ಮೇಲೆ ತಿಂಗಳವಾರು ಜೋಡಿಸಿದೆವು. ಕೆಲವು ನೀರು ತಾಗಿ ಅಂಟಿಕೊಂಡಿದ್ದವು, ಬಿಡಿಸಿ ಫ್ಯಾನಿನ ಗಾಳಿಗೆ ಒಣಗಿಸಿದೆವು. ಎರಡು ರಶೀದಿಯ ಹಣ ರಿಜಿಸ್ಟರಿನಲ್ಲಿ ಏರಿರಲೇ ಇಲ್ಲ. ಮನೆ ನಂಬರಿನಲ್ಲಿ ಒಂದಂಕಿ ತಪ್ಪಾಗಿ, ಪಕ್ಕದ ಮನೆಯ ಖಾತೆಗೆ ಜಮಾ ಆಗಿತ್ತು. ಹಾಗಾಗಿ ಲೆಕ್ಕ ನೋಡುವ ಮೊದಲೇ "ಪೂರ್ತಿ ಬಾಕಿ ಒಪ್ಪಿಕೊಂಡಿದ್ದೇನೆ" ಅಂತ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಕಟ್ಟುವ ಹಣ ಯಾವ ಬಾಕಿಗೆ ಅಂತ ಹೇಳುವ ಹಕ್ಕು ಕಟ್ಟುವವರದ್ದು. 1872ರ ಕರಾರು ಕಾಯ್ದೆಯ 59ನೇ ಕಲಮು ಇದನ್ನೇ ಹೇಳುತ್ತದೆ. ನೀವು ಏನೂ ಹೇಳದಿದ್ದರೆ ಕಚೇರಿಯವರು ಹಳೆಯದಕ್ಕೋ ಬೇರೆ ಬಾಕಿಗೋ ಹೊಂದಿಸಿಕೊಳ್ಳಬಹುದು. ಅದಕ್ಕೇ ಚಲನ್ ಮೇಲೆ "ಆಗಸ್ಟ್ ತಿಂಗಳ ಬಾಡಿಗೆ" ಅಂತ ಬರೆದೇ ಕಟ್ಟಿ. ಈ ತಿಂಗಳದ್ದು ತಪ್ಪದೆ ಕಟ್ಟುತ್ತಿದ್ದೇನೆ ಅಂತ ತೋರಿಸಿದವರ ಮಾತಿಗೆ ವಿಚಾರಣೆಯಲ್ಲಿ ತೂಕ ಬರುತ್ತದೆ.

ಉಳಿದ ಬಾಕಿಗೆ ಕಂತು ಕೇಳಿ. ಹಿಂಜರಿಯಬೇಡಿ, ಕಂತಿನಲ್ಲಿ ಕಟ್ಟಿಸಿಕೊಳ್ಳುವ ಅವಕಾಶ 1974ರ ಆ ಕಾಯ್ದೆಯಲ್ಲೇ ಇದೆ. ಆದರೆ ಆಗುವಷ್ಟನ್ನೇ ಬರೆದುಕೊಡಿ. ಜೂನ್, ಜುಲೈನಲ್ಲಿ ಕಂತು ಸಣ್ಣದಿರಲಿ, ಮೀನುಗಾರಿಕೆ ಜೋರಿರುವ ತಿಂಗಳಲ್ಲಿ ದೊಡ್ಡದಿರಲಿ ಅಂತ ಕಾರಣ ಸಮೇತ ಕೇಳಿ. ದೊಡ್ಡ ಕಂತು ಒಪ್ಪಿ ಎರಡನೇ ತಿಂಗಳೇ ತಪ್ಪಿಸಿದರೆ ಮುಂದೆ ನಿಮ್ಮ ಮಾತು ನಂಬುವುದು ಕಷ್ಟ.

ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಯಾರೂ ಹಿಂದೆ ಸರಿಯಬೇಕಾಗಿಲ್ಲ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಶಿರಸಿಯವರು ಘಟ್ಟ ಇಳಿದು ಬರಬೇಕಾಗಿಲ್ಲ, ಅಲ್ಲಿನ ಕೋರ್ಟಿನಲ್ಲೇ ತಾಲೂಕು ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದೇ ಕೊನೆ, ಮೇಲ್ಮನವಿ ಇಲ್ಲ. ಕಂತಿನ ಮೊತ್ತ ಸರಿಯಾಗಿ ಯೋಚಿಸಿಯೇ ಅಲ್ಲಿ ಸಹಿ ಮಾಡಿ.

ಮನೆ ಬಿಡಬೇಕು ಅಂತ ಆದೇಶವೇ ಆಗಿದ್ದರೂ ಜಿಲ್ಲಾ ನ್ಯಾಯಾಧೀಶರ ಮುಂದೆ ಮೇಲ್ಮನವಿ ಹಾಕಬಹುದು. ಅದಕ್ಕೆ ಇರುವ ದಿನ ಕಮ್ಮಿ. ಆದೇಶ ಕೈಗೆ ಬಂದ ತಾರೀಖನ್ನು ಅದರ ಮೇಲೇ ಬರೆದು, ಲಕೋಟೆಯನ್ನೂ ಎಸೆಯದೆ, ಅವತ್ತೇ ವಕೀಲರ ಹತ್ತಿರ ಬನ್ನಿ.