ಸಾಲಿ ಬಿಡಿಸುವ ಮೊದಲು ಒಂದು ಫೈಲ್ ಮಾಡಿ

"ವಕೀಲ್ರ, ಮಗಳ್ನ ಸಾಲಿ ಬಿಡಿಸಿ ಮನ್ಯಾಗ ಕಲಿಸ್ಬೇಕಂತೀವಿ. ಕೇಸ್ ಆಗ್ತದೇನ್ರಿ?" ಗುಳೇದಗುಡ್ಡದಿಂದ ಬಾಗಲಕೋಟೆಯ ನವನಗರಕ್ಕೆ ಬಂದಿದ್ದ ದಂಪತಿ ಕುಳಿತ ಕೂಡಲೇ ಕೇಳಿದ್ದು ಇದನ್ನೇ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಂ ಪ್ರಕಾರ 6ರಿಂದ 14 ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ. ಸೇರಿಸದವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಹೇಳಿಲ್ಲ. ಹಾಗಂತ ಮನೆಪಾಠವನ್ನು ನೋಂದಾಯಿಸುವ ವ್ಯವಸ್ಥೆಯನ್ನೂ ಅದು ಕೊಟ್ಟಿಲ್ಲ. ಸಮೀಕ್ಷೆಗೆ ಬರುವ ಶಿಕ್ಷಕರ ಪಟ್ಟಿಯಲ್ಲಿ ನಿಮ್ಮ ಮಗು 'ಶಾಲೆಯಿಂದ ಹೊರಗುಳಿದ ಮಗು'. ಅವರು ಬಾಗಿಲು ಬಡಿದರೆ ಸಿಟ್ಟಾಗಬೇಡಿ, ಒಳಗೆ ಕರೆದು ಮಗು ಕಲಿತದ್ದನ್ನು ತೋರಿಸಿ.

ತೋರಿಸಲು ಏನಾದರೂ ಇರಬೇಕಲ್ಲ? ಅದಕ್ಕೇ ನಾನು ಫೈಲ್ ಫೈಲ್ ಅಂತ ಬಡಕೊಳ್ಳುವುದು. ಜನನ ಪ್ರಮಾಣಪತ್ರ, ಆಧಾರ್, ಟಿ.ಸಿ., ಹಿಂದಿನ ಅಂಕಪಟ್ಟಿ, ಜೊತೆಗೆ ದಿನಾಂಕ ಹಾಕಿದ ಮಗುವಿನ ಕೆಲಸ. ಆ ತಾಯಿ ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಒಂಬತ್ತರ ಹುಡುಗಿ ಚೌಕದ ಹಾಳೆಯಲ್ಲಿ ಮಗ್ಗದಲ್ಲಿ ನೇಯುವ ಕುಪ್ಪಸದ ಬಟ್ಟೆಯಾದ ಖಣದ ನಕ್ಷೆ ಬಿಡಿಸಿ, ಒಂದೊಂದು ಸಾಲಿಗೆ ಎಷ್ಟು ಎಳೆ ಎಂದು ಪಕ್ಕದಲ್ಲೇ ಗುಣಾಕಾರ ಹಾಕಿದ್ದಳು. ತಪ್ಪಿದ ಕಡೆ ಕಾಟು ಹೊಡೆದು ಮತ್ತೆ ಬರೆದಿದ್ದಳು. ಅಂಥ ಹಾಳೆ ನನಗೆ ಹತ್ತು ಅಂಕಪಟ್ಟಿಗೆ ಸಮ. ಆದರೆ ಒಂದು ಮಾತು ಗಟ್ಟಿಯಾಗಿಯೇ ಹೇಳಿದೆ: ಮಗ್ಗದಿಂದ ಲೆಕ್ಕ ಕಲಿಯುವುದು ಬೇರೆ, ಮಗುವನ್ನು ದುಡಿಮೆಗೆ ಹಚ್ಚುವುದು ಬೇರೆ. ಎರಡನೆಯದು ಅಪರಾಧ. ಮನೆಪಾಠದ ಹೆಸರಲ್ಲಿ ಅದು ನಡೆದರೆ ನಾನು ನಿಮ್ಮ ಪರ ನಿಲ್ಲುವುದಿಲ್ಲ.

ಮುಂದಿನ ಪರೀಕ್ಷೆಗೆ ದಾರಿ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ (ಎನ್‌ಐಒಎಸ್) 14 ತುಂಬಿದವರು ಹತ್ತನೇ ತರಗತಿ ಮಟ್ಟಕ್ಕೆ ಹೆಸರು ಹಚ್ಚಬಹುದು. ಒಮ್ಮೆ ಸೇರಿದರೆ ಐದು ವರ್ಷದೊಳಗೆ ಒಂದೊಂದೇ ವಿಷಯ ಮುಗಿಸಿಕೊಳ್ಳಬಹುದು. ಚಿಕ್ಕವರಿಗೆ ಎ, ಬಿ, ಸಿ ಎಂಬ ಹಂತಗಳಿವೆ, ಅವು 3, 5, 8ನೇ ತರಗತಿಗೆ ಸಮ. ಕನ್ನಡ ಮಾಧ್ಯಮದವರು ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ ಮಾಧ್ಯಮದ ಪಟ್ಟಿ ನೋಡಿಯೇ ಫೀ ತುಂಬಿ.

ತಂದೆಗೆ ಇನ್ನೂ ಒಂದು ಅಳುಕು: "ನಾಳೆ ನಮಗ ಆಗಲಿಲ್ಲಂದ್ರ?" ವಾಪಸ್ ಕಳಿಸಿ. 4ನೇ ಕಲಂ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದದ್ದನ್ನು ತುಂಬಲು ವಿಶೇಷ ತರಬೇತಿಯನ್ನೂ ಕೊಡಬೇಕು. ಟಿ.ಸಿ. ತಡವಾಯಿತೆಂದು ಪ್ರವೇಶ ನಿಲ್ಲಿಸುವಂತಿಲ್ಲ. ಇದನ್ನು ಕೇಳಿದ ಮೇಲೆಯೇ ಅವರು ಚಹಾದ ಕಪ್ಪಿಗೆ ಕೈ ಹಾಕಿದ್ದು.