ಲ್ಯಾಟಿನ್ ಕಾವ್ಯ ಇಂಗ್ಲಿಷಿನೊಳಗೆ ಉಳಿದ ಬಗೆ

ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಲ್ಯಾಟಿನ್ ಕಲಿಸಲು 2022ರಲ್ಲಿ ಶುರುವಾದ ಯೋಜನೆಗೆ 2025ರ ಫೆಬ್ರವರಿಯಲ್ಲಿ ಹಣ ನಿಂತಿತು. ಶಾಲಾ ವರ್ಷ ಇನ್ನೂ ಮುಗಿದಿರಲಿಲ್ಲ. ಸತ್ತ ಭಾಷೆ ಯಾಕೆ ಬೇಕು ಎಂದು ಕೆಲವರು ಕೇಳುತ್ತಾರೆ. ಅದಿಲ್ಲದೆ ಷೇಕ್ಸ್‌ಪಿಯರ್ ಅರ್ಥವಾಗುವುದಿಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಜಗಳ ಹಳೆಯದು, ಗೋಜಲೂ ಜಾಸ್ತಿ.

ರೋಮಿನ ಲ್ಯಾಟಿನ್ ಕವಿಗಳಾದ ವರ್ಜಿಲ್, ಹೊರೇಸ್, ಓವಿಡ್ ಬರೆದದ್ದು ಎರಡು ಸಾವಿರ ವರ್ಷಗಳ ಹಿಂದೆ. ರೋಮ್ ಸಾಮ್ರಾಜ್ಯ ಬಿದ್ದ ಮೇಲೂ ಚರ್ಚು, ಮಠಗಳು ಅವರನ್ನು ಕಾಪಾಡಿದವು. 14ನೇ ಶತಮಾನದಲ್ಲಿ ಇಂಗ್ಲಿಷ್ ಕವಿ ಚಾಸರ್ ಓವಿಡ್‌ನ ಕಥೆಗಳನ್ನು ಇಂಗ್ಲಿಷಿಗೆ ತಂದ.

ನಿಜವಾದ ತಿರುವು 16ನೇ ಶತಮಾನದ್ದು. ಆಗಿನ ಗ್ರಾಮರ್ ಶಾಲೆಗಳಲ್ಲಿ ಹುಡುಗರು ದಿನವಿಡೀ ಲ್ಯಾಟಿನ್ ಉರು ಹೊಡೆಯುತ್ತಿದ್ದರು. ಪಾಠವನ್ನು ಇಂಗ್ಲಿಷಿಗೆ ತಿರುಗಿಸಿ, ಮೂಲವನ್ನು ಮುಚ್ಚಿಟ್ಟು, ಮತ್ತೆ ಲ್ಯಾಟಿನ್‌ಗೆ ತರುವ ಅಭ್ಯಾಸವೂ ಇತ್ತು. ಹೆಣ್ಣುಮಕ್ಕಳಿಗೆ ಈ ಬಾಗಿಲು ಬಹುಪಾಲು ಮುಚ್ಚಿತ್ತು.

1540ರ ಸುಮಾರಿಗೆ ಸರ್ರೆಯ ಅರ್ಲ್ ಹೆನ್ರಿ ಹೋವರ್ಡ್ ವರ್ಜಿಲ್‌ನ 'ಈನಿಡ್' ಮಹಾಕಾವ್ಯದ ಎರಡು ಭಾಗಗಳನ್ನು ಅನುವಾದಿಸಿದ. ಮೂಲದಲ್ಲಿ ಅಂತ್ಯಪ್ರಾಸ ಇರಲಿಲ್ಲ. ಇವನೂ ಬಿಟ್ಟ. ಇಟಲಿಯಲ್ಲಿ ಅಂಥ ಪ್ರಯೋಗ ಆಗಲೇ ನಡೆದಿತ್ತು, ಇಂಗ್ಲಿಷಿಗೆ ಮಾತ್ರ ಹೊಸದು. 1547ರಲ್ಲಿ ರಾಜದ್ರೋಹದ ಆರೋಪದ ಮೇಲೆ ಅವನ ತಲೆ ಕಡಿದರು. ಅವನ ಛಂದಸ್ಸು ಉಳಿಯಿತು. ಅದೇ ಬ್ಲ್ಯಾಂಕ್ ವರ್ಸ್. ಮಾರ್ಲೊ, ಷೇಕ್ಸ್‌ಪಿಯರ್, ಮಿಲ್ಟನ್ ಅದರಲ್ಲೇ ಬರೆದರು. ನಮ್ಮ ಸರಳ ರಗಳೆ ಬೆಳೆದದ್ದೂ ಅದನ್ನು ನೋಡಿಯೇ ಅಲ್ವಾ?

ಈ ಕವಿಗಳು ಲ್ಯಾಟಿನ್ ಸಾಲುಗಳನ್ನು ಸುಮ್ನೆ ಒಡವೆಯಂತೆ ತೊಡಲಿಲ್ಲ, ಅವುಗಳ ದಿಕ್ಕನ್ನೇ ಬದಲಿಸಿದರು. ಓವಿಡ್‌ನ ಪ್ರೇಮಿ, ನಲ್ಲೆಯ ತೋಳಿನಲ್ಲಿ ಮಲಗಿ, ರಾತ್ರಿಯ ಕುದುರೆಗಳೇ ನಿಧಾನವಾಗಿ ಓಡಿ ಎಂದು ಬೇಡುತ್ತಾನೆ. ಮಾರ್ಲೊ ಆ ಸಾಲನ್ನು ಲ್ಯಾಟಿನ್‌ನಲ್ಲೇ ಸೈತಾನನಿಗೆ ಆತ್ಮ ಮಾರಿಕೊಂಡ ತನ್ನ ನಾಟಕದ ನಾಯಕ ಡಾಕ್ಟರ್ ಫಾಸ್ಟಸ್‌ನ ಬಾಯಿಗೆ ಹಾಕಿದ. ಅವನಿಗೆ ಉಳಿದಿರುವುದು ಒಂದು ಗಂಟೆ. ಆಮೇಲೆ ನರಕ.

ಷೇಕ್ಸ್‌ಪಿಯರ್ ಮಾಡಿದ್ದೂ ಇದನ್ನೇ. ಓವಿಡ್‌ನಲ್ಲಿ ಮೀಡಿಯಾ ಎಂಬ ಮಾಟಗಾತಿ ಮುದುಕನೊಬ್ಬನಿಗೆ ಯೌವನ ಮರಳಿಸಲು ಬೆಟ್ಟ, ಹೊಳೆ, ಕಾಡಿನ ಶಕ್ತಿಗಳನ್ನು ಕರೆಯುತ್ತಾಳೆ. 'ದಿ ಟೆಂಪೆಸ್ಟ್'ನಲ್ಲಿ ಪ್ರಾಸ್ಪೆರೊ ಹೆಚ್ಚುಕಡಿಮೆ ಅವೇ ಮಾತುಗಳನ್ನು ಆಡುತ್ತಾನೆ, ಆದರೆ ಮಾಂತ್ರಿಕ ವಿದ್ಯೆಯನ್ನು ಬಿಟ್ಟುಬಿಡಲು. ಆರ್ಥರ್ ಗೋಲ್ಡಿಂಗ್‌ನ 1567ರ ಅನುವಾದದ ಪದಗಳು ಅಲ್ಲಿ ಕಾಣುತ್ತವೆ. ಕೆಲವೆಡೆ ಮೂಲ ಲ್ಯಾಟಿನ್ನೂ ಇಣುಕುತ್ತದೆ. ಹಾಗಾಗಿ ಅನುವಾದ ಸಾಕೋ ಮೂಲವೇ ಬೇಕೋ ಎಂಬ ವಾದಕ್ಕೆ ಷೇಕ್ಸ್‌ಪಿಯರ್‌ನನ್ನು ಎರಡೂ ಕಡೆಯವರು ಸಾಕ್ಷಿಗೆ ಕರೆಯಬಹುದು.

1697ರಲ್ಲಿ ಕವಿ ಡ್ರೈಡನ್ ಮಾಡಿದ ವರ್ಜಿಲ್ ಅನುವಾದ ಬಂತು, ಆಮೇಲೆ ಕವಿ ಅಲೆಕ್ಸಾಂಡರ್ ಪೋಪ್ ಹೊರೇಸ್‌ನನ್ನು ತನ್ನ ಕಾಲದ ಲಂಡನ್ನಿಗೆ ಕರೆತಂದ. 1917ರಲ್ಲಿ ಸೈನಿಕ ಕವಿ ವಿಲ್ಫ್ರೆಡ್ ಓವೆನ್, ದೇಶಕ್ಕಾಗಿ ಸಾಯುವುದು ಸಿಹಿ ಎಂಬ ಹೊರೇಸ್‌ನ ಸಾಲನ್ನು ವಿಷಾನಿಲದಲ್ಲಿ ಉಸಿರುಗಟ್ಟಿದ ಸೈನಿಕನ ಪಕ್ಕ ಇಟ್ಟು, ಅದು ಹಳೇ ಸುಳ್ಳು ಎಂದ.

1960ರ ಹೊತ್ತಿಗೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಪ್ರವೇಶಕ್ಕೆ ಲ್ಯಾಟಿನ್ ಕಡ್ಡಾಯ ಎಂಬ ನಿಯಮ ಹೋಯಿತು. ನಂತರದ ದಶಕಗಳಲ್ಲಿ ಸರ್ಕಾರಿ ಶಾಲೆಗಳ ತರಗತಿಗಳು ಕರಗಿದವು, ದುಬಾರಿ ಫೀಸಿನ ಶಾಲೆಗಳಲ್ಲಿ ಉಳಿದವು. ಭಾಷೆ ಕಷ್ಟ ಎಂಬುದಕ್ಕಿಂತ ಈ ಅಂತರವೇ ಹೆಚ್ಚು ನೋಯಿಸುವಂಥದ್ದು.

ಉತ್ತರ ಐರ್ಲೆಂಡಿನ ರೈತನ ಮಗ, ಕವಿ ಶೇಮಸ್ ಹೀನಿ ವಿದ್ಯಾರ್ಥಿವೇತನದಲ್ಲಿ ಡೆರಿಯ ಶಾಲೆ ಸೇರಿ ವರ್ಜಿಲ್ ಓದಿದರು. ಪಠ್ಯವಾಗಿದ್ದದ್ದು 'ಈನಿಡ್'ನ ಒಂಬತ್ತನೇ ಭಾಗ. ಆರನೆಯದು ಇದ್ದಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರು ಹಲುಬುತ್ತಿದ್ದರಂತೆ. ಹೀನಿ ಕೊನೆಗೆ ಅನುವಾದಿಸಿದ್ದು ಆ ಆರನೇ ಭಾಗವನ್ನೇ. ಅದು ಅಚ್ಚಾದದ್ದು 2016ರಲ್ಲಿ, ಅವರು ತೀರಿಕೊಂಡ ಸುಮಾರು ಎರಡೂವರೆ ವರ್ಷಗಳ ನಂತರ.