ರೋಲರಿಗೆ ಗ್ರೀಸ್ ಹೊಡೆಯಬೇಡಿ ಗೌಡ್ರೇ

ಫೆಬ್ರವರಿ ಬಂತೆಂದರೆ ನನ್ನ ಶೆಡ್ಡಿನ ಮುಂದೆ ಹಳೆ ಡೋಜರ್‌ಗಳ ಬಾಟಮ್ ರೋಲರ್‌ಗಳು ಬಂದು ಬೀಳುತ್ತವೆ, ಅಂದರೆ ಗಾಡಿಯ ಭಾರ ಹೊತ್ತು ಕಬ್ಬಿಣದ ಚೈನಿನ ಮೇಲೆ ಉರುಳುವ ಗಾಲಿಗಳು. ಕೆರೆ ಹೂಳು, ಹೊಲದ ಲೆವೆಲ್ಲು ಎಲ್ಲ ಒಟ್ಟಿಗೆ ಶುರುವಾಗುವ ಕಾಲ. ತಂದವರೆಲ್ಲ ಹೇಳುವುದು ಒಂದೇ ಮಾತು: "ಮೇಸ್ತ್ರೇ, ದಿನಾ ತಪ್ಪದಂಗೆ ಗ್ರೀಸ್ ಹೊಡೆಸ್ತಿದ್ವಿ. ಆದ್ರೂ ರೋಲರ್ ಹೋತು."

ಆದ್ರೂ ಅಲ್ಲ ಸ್ವಾಮಿ. ಅದಕ್ಕೇ ಹೋತು.

ನನ್ನ ಹತ್ತಿರ ಬರುವ ಹಳೆ ಗಾಡಿಗಳಲ್ಲಿ ಹೆಚ್ಚಿನವು ಕೆ.ಜಿ.ಎಫ್.ನ ಬಿಇಎಂಎಲ್ ಕಾರ್ಖಾನೆಯವು. ಕಂಪನಿ ಹುಟ್ಟಿದ್ದು 1964ರಲ್ಲಿ. ಜಪಾನಿನ ಕೊಮಾಟ್ಸು ತಂತ್ರಜ್ಞಾನದಲ್ಲಿ ತಯಾರಾದ ಈ ಡೋಜರ್‌ಗಳು ಗಣಿಯಲ್ಲೋ ಕಾಲುವೆ ಕೆಲಸದಲ್ಲೋ ದುಡಿದು, ಹರಾಜಾಗಿ, ಮೂರನೆಯ ನಾಲ್ಕನೆಯ ಓನರ್ ಕೈಗೆ ಬಂದಿರುತ್ತವೆ. ಓಡಿದ ಗಂಟೆ ಲೆಕ್ಕ ಇಡುವ ಅವರ್ ಮೀಟರ್ ನಿಂತು ಯಾವ ಕಾಲವಾಯಿತೋ. ಮ್ಯಾನ್ಯುಯಲ್ ಅಂತೂ ಮೊದಲ ಹರಾಜಿನಲ್ಲೇ ಕಳೆದಿರುತ್ತದೆ. ಉಳಿಯುವುದು ಹೆಲ್ಪರ್‌ನಿಂದ ಹೆಲ್ಪರ್‌ಗೆ ಬಂದ ಬಾಯಿಪಾಠ. ಅದರಲ್ಲಿ ಮೊದಲನೆಯದೇ "ತಿರುಗೋದಕ್ಕೆಲ್ಲ ಗ್ರೀಸು."

ಹಿರಿಯೂರು ಕಡೆಯ ಗೌಡರೊಬ್ಬರ ಕಥೆ ಹೇಳುತ್ತೇನೆ. ಒಳ್ಳೆಯ ಮನುಷ್ಯ, ಗಾಡಿಯನ್ನು ಎತ್ತಿನ ಹಾಗೆ ನೋಡಿಕೊಳ್ಳುವವರು, ಆಯುಧಪೂಜೆಗೆ ಬ್ಲೇಡಿಗೂ ಹೂವಿನ ಹಾರ ಹಾಕಿಸುವವರು. ಅವರ ಹುಡುಗ ಒಂದು ದಿನ ಗಾಡಿ ಕೆಳಗೆ ತೂರಿ ನೋಡಿದ. ಪ್ರತಿ ರೋಲರ್ ಶಾಫ್ಟಿನ ತುದಿಗೂ ಒಂದು ಪ್ಲಗ್. "ಇಲ್ಲಿ ಗ್ರೀಸ್ ಗನ್ನು ಕಚ್ಚಿಸೋ ನಿಪ್ಪಲ್ ಇರಬೇಕಿತ್ತು, ಯಾರೋ ಬಿಚ್ಚಿಕೊಂಡು ಹೋಗವ್ರೆ" ಅಂದುಕೊಂಡ. ಲೇತಿನವನ ಹತ್ತಿರ ಅಡಾಪ್ಟರ್ ಮಾಡಿಸಿ, ಎರಡೂ ಕಡೆಯ ಹನ್ನೆರಡು ರೋಲರಿಗೂ ನಿಪ್ಪಲ್ ಕೂರಿಸಿದ. ಆಮೇಲೆ ದಿನಾ ಬೆಳಿಗ್ಗೆ, ಟೀ ಕುಡಿಯೋ ಮುಂಚೆ, ಪಕ್ಕದಿಂದ ಗ್ರೀಸ್ ಆಚೆ ಬರುವ ತನಕ ಹೊಡೆದ. ಆಚೆ ಬಂದದ್ದು ನೋಡಿ ಅವನಿಗೆ ಸಮಾಧಾನ: ತುಂಬಿತು ಅಂತ. ಅದು ತುಂಬಿದ್ದಲ್ಲ, ಸೀಲ್ ಕಿತ್ತುಕೊಂಡು ಹೊರಗೆ ಬಂದದ್ದು.

ಒಂದು ರೋಲರ್ ಬಿಚ್ಚಿ ಗೌಡರ ಮುಂದಿಟ್ಟೆ. ಒಳಗೆ ಕೆಮ್ಮಣ್ಣು ಕಲಸಿದ ಗ್ರೀಸು, ನೆಲ ಸಾರಿಸಲು ಕದಡಿಟ್ಟ ಸಗಣಿಯ ಹದದಲ್ಲಿ. ಎರಡು ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದರೆ ಸಣ್ಣಗೆ ಹೊನ್ನಿನ ಮಿಂಚು. ಗೌಡರು "ಇದೇನ್ ಮೇಸ್ತ್ರೇ, ಚಿನ್ನದಂಗೆ?" ಅಂದರು. ನಿಮ್ಮ ಬುಶ್ಶು ಗೌಡ್ರೇ, ಅಂದೆ.

ಒಳಗಿನ ಕಟ್ಟಡ ಗೊತ್ತಾದರೆ ಇದೇಕೆ ಹೀಗಾಯಿತೆಂದು ತಿಳಿಯುತ್ತದೆ. ರೋಲರಿನಲ್ಲಿ ಶಾಫ್ಟ್ ತಿರುಗುವುದಿಲ್ಲ, ಸುತ್ತಲಿನ ಡ್ರಮ್ಮು ತಿರುಗುತ್ತದೆ. ನಡುವೆ ಬುಶ್ಶು, ಅಂದರೆ ಶಾಫ್ಟಿನ ಸುತ್ತ ಕೂರುವ ಕಂಚಿನ ಬಳೆ, ಸುತ್ತ ಎಣ್ಣೆ. ಎರಡೂ ತುದಿಯಲ್ಲಿ ಫ್ಲೋಟಿಂಗ್ ಸೀಲ್: ಎರಡು ಕಬ್ಬಿಣದ ಉಂಗುರ ಮುಖಕ್ಕೆ ಮುಖ ಕೊಟ್ಟು ಕೂತಿರುತ್ತವೆ, ಹಿಂದಿನಿಂದ ಒಂದೊಂದು ರಬ್ಬರ್ ಉಂಗುರ ಅವನ್ನು ಒತ್ತಿ ಹಿಡಿದಿರುತ್ತದೆ. ಬೀಸುವ ಕಲ್ಲಿನ ಹಾಗೆ ಒಂದು ನಿಂತಿರುತ್ತದೆ, ಒಂದು ಸುತ್ತುತ್ತದೆ. ಆದರೆ ಇಲ್ಲಿ ನಡುವೆ ಒಂದು ಕಾಳೂ ಬೀಳಕೂಡದು. ಉಂಗುರದ ಮುಖದ ಮೇಲೆ ಹೊರ ಅಂಚಿನ ಹತ್ತಿರ ಕನ್ನಡಿಯಂತೆ ಹೊಳೆಯುವ ಸಣ್ಣ ಪಟ್ಟಿ ಕಾಣುತ್ತದೆ. ಎಣ್ಣೆಯನ್ನು ತಡೆದು ನಿಲ್ಲಿಸುವುದು ಅಷ್ಟೇ ಅಗಲ. ಗಾಡಿ ಓಡಿದಂತೆ ಆ ಪಟ್ಟಿ ಸವೆದು ನಿಧಾನಕ್ಕೆ ಒಳಕ್ಕೆ ಸರಿಯುತ್ತದೆ. ಪಟ್ಟಿ ಎಲ್ಲಿದೆ ನೋಡಿ ಸೀಲಿಗೆ ಇನ್ನೆಷ್ಟು ಆಯಸ್ಸಿದೆ ಅಂತ ಅಂದಾಜು ಹೇಳಬಹುದು.

ರಿಪೇರಿ ಆದ ರೋಲರನ್ನು ನಾವು ಹೇಗೆ ಪರೀಕ್ಷೆ ಮಾಡುತ್ತೇವೆ ಗೊತ್ತೆ? ಎಣ್ಣೆ ತುಂಬುವ ತೂತಿಗೆ ಒಂದು ಕೆ.ಜಿ. (ಚದರ ಸೆಂಟಿಮೀಟರಿಗೆ) ಒತ್ತಡದ ಗಾಳಿ ಕೊಟ್ಟು ಹತ್ತು ಸೆಕೆಂಡ್ ನೋಡುತ್ತೇವೆ. ಗೇಜಿನ ಮುಳ್ಳು ಇಳಿಯದಿದ್ದರೆ ಪಾಸ್. ಒಂದು ಕೆ.ಜಿ. ಅಂದರೆ ಸೈಕಲ್ ಟ್ಯೂಬಿನಲ್ಲಿರುವ ಗಾಳಿಗಿಂತ ಕಡಿಮೆ. ನಿಮ್ಮ ಹುಡುಗನ ಕೈಯಲ್ಲಿರುವ ಗ್ರೀಸ್ ಗನ್ನು, ಹಿಡಿ ಗಟ್ಟಿಯಾಗಿ ಒತ್ತಿದರೆ, ನೂರಾರು ಕೆ.ಜಿ. ಒತ್ತಡ ಹುಟ್ಟಿಸುತ್ತದೆ.

ಇಷ್ಟು ಹೇಳಿದ ಮೇಲೂ ಕೇಳುತ್ತಾರೆ: "ಮೆಲ್ಲಗೆ ಹೊಡೆದ್ರೆ?"

ಮೆಲ್ಲಗೂ ಬೇಡ. ಒತ್ತಡ ಒಂದೇ ತೊಂದರೆಯಲ್ಲ. ಎಣ್ಣೆ ಹರಿಯುತ್ತದೆ, ಗ್ರೀಸ್ ಹರಿಯುವುದಿಲ್ಲ. ರೋಲರ್ ಸುತ್ತಿದಂತೆ ಎಣ್ಣೆ ಬುಶ್ಶಿನಿಂದ ಪಕ್ಕಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ, ಹೋಗುವಾಗ ಬುಶ್ಶಿನ ಬಿಸಿಯನ್ನು ಡ್ರಮ್ಮಿನ ಗೋಡೆಗೆ ದಾಟಿಸುತ್ತದೆ. ಗ್ರೀಸ್ ಒಮ್ಮೆ ಪಕ್ಕಕ್ಕೆ ಸರಿದರೆ ಮುಗಿಯಿತು, ಮೂಲೆಯಲ್ಲಿ ತಣ್ಣಗಾದ ಮುದ್ದೆಯ ಹಾಗೆ ಕೂತುಬಿಡುತ್ತದೆ. ಬುಶ್ಶು ಒಣಗುತ್ತದೆ. ರೋಲರ್ ತುಂಬ ಗ್ರೀಸ್ ಇರುತ್ತದೆ, ಬೇಕಾದ ಜಾಗದಲ್ಲಿ ಒಂದು ಹನಿ ಇರುವುದಿಲ್ಲ. ಒಣ ಬುಶ್ಶು ಶಾಫ್ಟನ್ನು ಕಚ್ಚಿಕೊಂಡರೆ ರೋಲರ್ ನಿಲ್ಲುತ್ತದೆ. ಅದು ನಿಂತರೂ ಚೈನ್ ನಿಲ್ಲುವುದಿಲ್ಲವಲ್ಲ, ಮೇಲೆ ಉಜ್ಜುತ್ತಾ ಹೋಗಿ ರೋಲರನ್ನು ಒಂದು ಕಡೆ ಚಪ್ಪಟೆ ಮಾಡುತ್ತದೆ. ಆಮೇಲೆ ನನ್ನ ಹತ್ತಿರ ತಂದರೂ ಪ್ರಯೋಜನ ಕಡಿಮೆ.

ಹಾಗಾದರೆ ನಿಪ್ಪಲ್ ಇರುವ ರೋಲರೇ ಇಲ್ಲವೆ? ಇವೆ, ಅಲ್ಲೇ ಗೊಂದಲ. 1930-40ರ ದಶಕದ ಕ್ಯಾಟರ್‌ಪಿಲ್ಲರ್ ಡಿ2, ಡಿ4 ಥರದ ಗಾಡಿಗಳ ರೋಲರಿಗೆ ಆಗಾಗ ತುಂಬಲೇಬೇಕಿತ್ತು. ಕೊಡಗಿನ ಒಂದು ತೋಟದಲ್ಲಿ ಅಂಥದ್ದೊಂದನ್ನು ನೋಡಿದ್ದೇನೆ. ಅದರ ಮುದುಕ ಆಪರೇಟರ್ ಬಕೆಟ್‌ಗೆ ಜೋಡಿಸಿದ ಕೈಪಂಪು ಇಟ್ಟುಕೊಂಡಿದ್ದರು, ಉದ್ದ ಮೂತಿಯದು. ಮೂತಿ ಶಾಫ್ಟಿನ ತೂತಿನೊಳಗೆ ಹೋಗುತ್ತದೆ, ಹೊಸದು ಒಳಗೆ ತುಂಬಿದಂತೆ ಹಳೆಯದು ಮೂತಿಯ ಪಕ್ಕದಿಂದಲೇ ವಾಪಸ್ ಬರುತ್ತದೆ. ಹಳೆಯದಕ್ಕೆ ಆಚೆ ಬರಲು ದಾರಿ ಇರುವುದರಿಂದ ಸೀಲಿನ ಮೇಲೆ ಒತ್ತಡ ಬೀಳುವುದಿಲ್ಲ. ಅವರು ಹಾಕುತ್ತಿದ್ದದ್ದೂ ಬೇರಿಂಗ್ ಗ್ರೀಸ್ ಅಲ್ಲ, ಜೋನಿಬೆಲ್ಲದ ಹಾಗೆ ಎಳೆ ಹಿಡಿಯುವ ದಪ್ಪ ಎಣ್ಣೆ. ಬಂದದ್ದನ್ನು ಬೆರಳಿಗೆ ಹಚ್ಚಿ ನೋಡಿ, ಬಣ್ಣ ತಿಳಿಯಾದ ಕೂಡಲೇ ನಿಲ್ಲಿಸುತ್ತಿದ್ದರು. ನಿಮ್ಮ ಗಾಡಿ ಅಂಥದ್ದೇ ಆಗಿದ್ದರೆ ಅದರ ಪದ್ಧತಿಯೇ ಬೇರೆ. ಶಾಫ್ಟಿನ ತುದಿಯ ಫೋಟೋ ಕಳಿಸದೆ ಫೋನಿನಲ್ಲಿ "ಏನ್ ಹಾಕ್ಲಿ?" ಅಂತ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಪ್ಲಗ್ ಇರುವ ರೋಲರಿಗೆ ದಿನದ ಕೆಲಸ ಅಂದರೆ ನೋಡುವುದು ಅಷ್ಟೇ. ರೋಲರ್ ಪಕ್ಕದಲ್ಲಿ ಧೂಳು ಒದ್ದೆಯಾಗಿ ಕಪ್ಪಗೆ ಕಚ್ಚಿಕೊಂಡಿದ್ದರೆ ಸೀಲ್ ಸೋರುತ್ತಿದೆ. ಕೆಲಸ ಮುಗಿಸಿ, ಬ್ಲೇಡ್ ನೆಲಕ್ಕಿಳಿಸಿ, ಬ್ರೇಕ್ ಹಾಕಿ, ಇಂಜಿನ್ ಆಫ್ ಮಾಡಿದ ಮೇಲೆ ಒಂದೊಂದು ರೋಲರಿಗೂ ಚೂರು ನೀರು ಚಿಮುಕಿಸಿ. ಉಳಿದದ್ದೆಲ್ಲ ಸುಮ್ಮನಿದ್ದು ಒಂದು ಮಾತ್ರ ಕಾದ ಹೆಂಚಿನ ಹಾಗೆ ಚುಯ್ ಅಂದರೆ ಅದನ್ನು ಬಿಚ್ಚಿಸಿ. ಸೋರಿದ ರೋಲರಿಗೆ ಎಣ್ಣೆ ತುಂಬಿ ಇನ್ನೊಂದು ವಾರ ಓಡಿಸಬಹುದು, ನಾನೂ ಓಡಿಸಿದ್ದೇನೆ. ಆದರೆ ಎಣ್ಣೆ ಆಚೆ ಬರುವ ದಾರಿಯಲ್ಲೇ ಮಣ್ಣು ಒಳಗೆ ಹೋಗುತ್ತದೆ ಅನ್ನುವುದು ನೆನಪಿರಲಿ.

ಸೀಲ್ ಹಾಕುವ ಹುಡುಗರಿಗೂ ಒಂದು ಮಾತು. ಉಂಗುರಗಳನ್ನು ಜೋಡಿಯಾಗಿಯೇ ಬದಲಿಸಿ, ಹಳೆಯದಕ್ಕೆ ಹೊಸದನ್ನು ಕಟ್ಟಬೇಡಿ. ಕಬ್ಬಿಣದ ಮುಖಕ್ಕೆ ತೆಳ್ಳಗೆ ಎಣ್ಣೆ ಸವರಿ. ರಬ್ಬರಿಗೂ ಅದು ಕೂರುವ ಜಾಗಕ್ಕೂ ಒಂದು ಹನಿ ತಾಗಕೂಡದು. ಒಣಗಿದ್ದರೇ ರಬ್ಬರ್ ಹಿಡಿಯುತ್ತದೆ, ಎಣ್ಣೆ ತಾಗಿದರೆ ಜಾರಿ ಓರೆಯಾಗುತ್ತದೆ.

ಗ್ರೀಸ್ ಬೇಕಾದ ಜಾಗ ಗಾಡಿಯಲ್ಲಿ ಬೇಕಾದಷ್ಟಿವೆ. ಬ್ಲೇಡಿನ ಪಿನ್ನುಗಳು, ಯೂನಿವರ್ಸಲ್ ಜಾಯಿಂಟು, ಎರಡೂ ಚೈನ್ ಫ್ರೇಮಿನ ಮೇಲೆ ಅಡ್ಡ ಕೂರುವ ಈಕ್ವಲೈಸರ್ ಬಾರಿನ ನಡುಪಿನ್ನು. ಗೌಡರ ಗಾಡಿಯಲ್ಲಿ ಆ ನಡುಪಿನ್ನಿನ ನಿಪ್ಪಲ್ ಮಣ್ಣಲ್ಲಿ ಹೂತುಹೋಗಿತ್ತು, ಗನ್ನು ಅದನ್ನು ಮುಟ್ಟಿಯೇ ಇರಲಿಲ್ಲ. ಹುಡುಗನ ಭಕ್ತಿಯೆಲ್ಲ ರೋಲರಿಗೇ ಖರ್ಚಾಗಿತ್ತು.

ಚೈನ್ ಬಿಗಿ ಮಾಡುವ ಸಿಲಿಂಡರಿಗೂ ಗ್ರೀಸೇ. ಅಲ್ಲಿ ಮಾತ್ರ ಜೀವದ ಮೇಲೆ ಎಚ್ಚರ ಇರಲಿ. ಬಿಗಿಯಾದ ಚೈನಿನ ಒತ್ತಡವೆಲ್ಲ ಆ ಗ್ರೀಸಿನ ಮೇಲೆ ಇರುತ್ತದೆ. ಸಡಿಲ ಮಾಡುವಾಗ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ಬಿಚ್ಚಬೇಡಿ, ಮುಖ ಬಗ್ಗಿಸಿ ನೋಡಬೇಡಿ, ಗ್ರೀಸ್ ಬರದಿದ್ದರೆ ಗಾಡಿಯನ್ನು ಚೂರು ಹಿಂದೆ ಮುಂದೆ ಮಾಡಿಸಿ. ನನ್ನ ಜೊತೆ ಕೆಲಸ ಕಲಿತವನೊಬ್ಬನಿಗೆ ಬೆರಳಿಗೆ ಚುಚ್ಚಿದ್ದು ಮುಳ್ಳು ತಾಗಿದಷ್ಟೇ ಕಾಣುತ್ತಿತ್ತು. ರಾತ್ರಿ ಮನೆಗೆ ಹೋಗಿ ಊಟ ಮಾಡಿ ಮಲಗಿದ. ಬೆಳಿಗ್ಗೆ ಕೈ ಊದಿತ್ತು, ಕೊನೆಗೆ ಆ ಬೆರಳು ಉಳಿಯಲಿಲ್ಲ. ಅಂಥ ಗಾಯ ಎಷ್ಟೇ ಸಣ್ಣದಿರಲಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ಗ್ರೀಸ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ.

ಗೌಡರ ಹನ್ನೆರಡರಲ್ಲಿ ಐದು ಉಳಿದವು. ನಿಪ್ಪಲ್ ಕಿತ್ತು, ಒಳಗೆಲ್ಲ ಡೀಸೆಲ್‌ನಲ್ಲಿ ತೊಳೆದು, ಸೀಲ್ ಹಾಕಿ, ಎಣ್ಣೆ ತುಂಬಿ, ಪ್ಲಗ್ ಬಿಗಿದು ಕಳಿಸಿದೆ. ಹದಿನೈದು ದಿನಕ್ಕೆ ಫೋನ್ ಬಂತು.

"ಮೇಸ್ತ್ರೇ, ರೋಲರ್ ಮುಟ್ಟಿಲ್ಲ, ನಿಮ್ಮಾಣೆ. ಮುಂದೆ ಚೈನ್ ಸುತ್ತಿ ಬರೋ ದೊಡ್ಡ ಗಾಲಿ, ಆ ಐಡ್ಲರಿಗೂ ಅಂಥದ್ದೇ ಒಂದು ಪ್ಲಗ್ ಐತೆ ಅಂತಾನೆ ಹುಡುಗ. ಅದಕ್ಕಾದ್ರೂ ಹೊಡೀಲಾ?"

ಐಡ್ಲರಿನೊಳಗೂ ಎಣ್ಣೆಯೇ ಗೌಡ್ರೇ. ಫೋನ್ ಹುಡುಗನ ಕೈಗೆ ಕೊಡಿ, ಅಂದೆ.